ಒಂದು ನಿಮಿಷದ ಕನ್ನಡ, ಹತ್ತು ವರ್ಷದ ಸಂಸದ



ಸಟನ್‌ನಿಂದ ವಿಕ್ಟೋರಿಯಾಕ್ಕೆ ಹೋಗುವ ರೈಲು ನಮಗೆಲ್ಲ ಗೊತ್ತು. ಕ್ಲಾಪಮ್ ಜಂಕ್ಷನ್ ದಾಟಿದ ಮೇಲೆ ಬ್ಯಾಟರ್‌ಸೀ ಬರುತ್ತದೆ. ನೂರು ವರ್ಷದ ಹಿಂದೆ ಅಲ್ಲಿನ ಮತದಾರರು ಮುಂಬಯಿಯಲ್ಲಿ ಹುಟ್ಟಿದ ಒಬ್ಬ ಪಾರ್ಸಿಯನ್ನು ಸಂಸತ್ತಿಗೆ ಕಳಿಸಿದ್ದರು. ಅವರ ಹೆಸರು ಶಾಪುರ್ಜಿ ಸಕ್ಲತ್‌ವಾಲಾ. ಅವರ ಕಥೆಗೆ ಆಮೇಲೆ ಬರೋಣ. ಮೊದಲು ನಮ್ಮ ತುಮಕೂರು ಜಿಲ್ಲೆಯ ಒಬ್ಬರ ಕಥೆ ಹೇಳುತ್ತೇನೆ.

ನಿಮ್ಮಲ್ಲಿ ಅನೇಕರು ಆ ವಿಡಿಯೊ ನೋಡಿರುತ್ತೀರಿ. ಅಪ್ಪನೋ ಅಜ್ಜಿಯೋ ವಾಟ್ಸಾಪ್‌ನಲ್ಲಿ ಕಳಿಸಿರುತ್ತಾರೆ. 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಚಂದ್ರ ಆರ್ಯ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಅಲ್ಲಿ ಸದಸ್ಯರು ತಮಗೆ ಬೇಕಾದ ವಿಷಯ ಹೇಳಲು ಒಂದು ನಿಮಿಷ ಸಿಗುತ್ತದೆ. ಆ ನಿಮಿಷವನ್ನು ಅವರು ತಾಯ್ನುಡಿಗೆ ಕೊಟ್ಟರು. ಶಿರಾ ತಾಲ್ಲೂಕಿನ ದ್ವಾರಾಳು ಎಂಬ ಹಳ್ಳಿಯವನು ತಾನು ಎಂದರು. ಭಾರತದ ಹೊರಗಿನ ಸಂಸತ್ತೊಂದರಲ್ಲಿ ಕನ್ನಡ ಕೇಳಿಬರುತ್ತಿರುವುದು ಇದೇ ಮೊದಲು ಎಂದರು. ಕೊನೆಗೆ ಕುವೆಂಪು ಅವರನ್ನು ನೆನೆದರು. ಕರ್ನಾಟಕದಲ್ಲಿ ಎಲ್ಲ ಪಕ್ಷದವರೂ ಹೊಗಳಿದರು. ನಮ್ಮ ಮನೆಗಳಲ್ಲೂ ಹೆಮ್ಮೆಪಟ್ಟರು.

ಆದರೆ ಸಂಸದನ ಕೆಲಸ ಒಂದು ನಿಮಿಷದ್ದಲ್ಲ. ಎಂಜಿನಿಯರಿಂಗ್ ಓದಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಬಿಎ ಮಾಡಿದ ಆರ್ಯ 2006ರಲ್ಲಿ ಕೆನಡಾಕ್ಕೆ ಹೋದರು. 2015ರಲ್ಲಿ ಒಟ್ಟಾವಾದ ನೆಪಿಯನ್ ಕ್ಷೇತ್ರದಿಂದ ಲಿಬರಲ್ ಪಕ್ಷದ ಪರವಾಗಿ ಗೆದ್ದರು. 2019 ಮತ್ತು 2021ರಲ್ಲಿ ಮತ್ತೆ ಗೆದ್ದರು. ವಲಸೆ ಹೋದ ಹತ್ತೇ ವರ್ಷದೊಳಗೆ ಸಂಸತ್ತಿಗೆ ಹೋಗುವುದು ಸಣ್ಣ ಮಾತಲ್ಲ.

ವಿವಾದಗಳು ನಂತರ ಒಂದೊಂದಾಗಿ ಬಂದವು. 2022ರಲ್ಲಿ ಅವರು ಮಂಡಿಸಿದ ನಿರ್ಣಯದಿಂದ ಕೆನಡಾದಲ್ಲಿ ನವೆಂಬರ್ ಹಿಂದೂ ಪರಂಪರೆಯ ತಿಂಗಳಾಯಿತು. ಸಂಸತ್ತಿನ ಆವರಣದಲ್ಲಿ ಓಂ ಇರುವ ಕೇಸರಿ ಧ್ವಜ ಹಾರಿಸಿದರು. ಖಾಲಿಸ್ತಾನಿ ಉಗ್ರವಾದದ ವಿರುದ್ಧ ಸದನದಲ್ಲಿ ಮತ್ತೆ ಮತ್ತೆ ಮಾತಾಡಿದರು. 2024ರ ಡಿಸೆಂಬರಿನಲ್ಲಿ, 1984ರ ಸಿಖ್ ವಿರೋಧಿ ಹಿಂಸಾಚಾರವನ್ನು ನರಮೇಧ ಎಂದು ಸಾರಬೇಕೆಂದು ಅವರ ಪಕ್ಷದವರೇ ಒಬ್ಬರು ಸದನದ ಸರ್ವಾನುಮತ ಕೇಳಿದರು. ಆರ್ಯ ಒಪ್ಪಲಿಲ್ಲ. ಸರ್ವಾನುಮತ ಎಂದ ಮೇಲೆ ಒಬ್ಬರು ಬೇಡ ಎಂದರೂ ಅಲ್ಲಿಗೆ ಮುಗಿಯಿತು. ಕೆನಡಾದ ಹಿಂದೂಗಳಲ್ಲಿ ಹಲವರು ಇದನ್ನು ಧೈರ್ಯ ಎಂದರು. 1984ರಲ್ಲಿ ತಮ್ಮವರನ್ನು ಕಳೆದುಕೊಂಡ ಸಿಖ್ ಕುಟುಂಬಗಳಿಗೆ ಅದು ಹೇಗೆ ಕೇಳಿಸಿರಬಹುದು, ನೀವೇ ಯೋಚಿಸಿ.

ಅದೇ ವರ್ಷ ಆರ್ಯ ದೆಹಲಿಗೆ ಹೋಗಿ ಪ್ರಧಾನಿ ಮೋದಿಯವರನ್ನು ಭೇಟಿಯಾಗಿದ್ದರು. ಆಗ ಎರಡೂ ದೇಶಗಳ ಸಂಬಂಧ ತೀರಾ ಕೆಟ್ಟಿತ್ತು. 2025ರ ಜನವರಿಯಲ್ಲಿ ಟ್ರುಡೋ ನಾಯಕತ್ವ ಬಿಡುತ್ತೇನೆ ಎಂದಾಗ ಆರ್ಯ ತಾವೂ ಸ್ಪರ್ಧಿಸುತ್ತೇನೆ ಎಂದರು. ಕೆನಡಾವನ್ನು ಗಣರಾಜ್ಯ ಮಾಡುತ್ತೇನೆ ಎಂದರು. ಫ್ರೆಂಚ್ ಬರುತ್ತದೆಯೇ ಎಂದು ಕೇಳಿದಾಗ ಇಲ್ಲ ಎಂದರು, ಅದು ದೊಡ್ಡ ವಿಷಯವಲ್ಲ ಎಂಬಂತೆ ಉತ್ತರಿಸಿದರು. ಕ್ವಿಬೆಕ್‌ನ ಜನ ತಮ್ಮ ಭಾಷೆಗಾಗಿ ಎಷ್ಟು ಹೋರಾಡಿದ್ದಾರೆ ಎಂದು ಒಬ್ಬ ಕನ್ನಡಿಗನಿಗೆ ಬೇಗ ಅರ್ಥವಾಗಬೇಕಿತ್ತು ಎಂದು ನನಗನ್ನಿಸುತ್ತದೆ.

ಪಕ್ಷ ಅವರನ್ನು ನಾಯಕತ್ವದ ಸ್ಪರ್ಧೆಗೆ ಸೇರಿಸಿಕೊಳ್ಳಲಿಲ್ಲ. ಮಾರ್ಚಿನಲ್ಲಿ ನೆಪಿಯನ್ ಟಿಕೆಟ್ ಕೂಡ ಕಿತ್ತುಕೊಂಡಿತು. ಕಾರಣವನ್ನು ಜನರ ಮುಂದೆ ಬಿಡಿಸಿ ಹೇಳಲಿಲ್ಲ. ದೆಹಲಿ ಭೇಟಿಯೇ ಕಾರಣ ಎಂದು ಪತ್ರಿಕೆಯಲ್ಲಿ ಬಂತು. ಸಂಸದನಾಗಿ ಯಾರನ್ನು ಭೇಟಿಯಾಗಲೂ ಸರಕಾರದ ಅನುಮತಿ ಬೇಕಿರಲಿಲ್ಲ, ಹಿಂದೂಗಳ ಪರವಾಗಿ ಮಾತಾಡಿದ್ದೇ ನಿಜವಾದ ಕಾರಣ ಎಂದು ಆರ್ಯ ಉತ್ತರ ಕೊಟ್ಟರು. ಆ ಕ್ಷೇತ್ರದಿಂದ ಹೊಸ ಪ್ರಧಾನಿ ಮಾರ್ಕ್ ಕಾರ್ನಿ ನಿಂತು ಗೆದ್ದರು.

ಈಗ ಬ್ಯಾಟರ್‌ಸೀಗೆ ಬನ್ನಿ. ಸಕ್ಲತ್‌ವಾಲಾ ಟಾಟಾ ಮನೆತನದ ಸಂಬಂಧಿ, ಜಮ್‌ಶೆಡ್‌ಜಿ ಟಾಟಾ ಅವರ ತಂಗಿಯ ಮಗ. ಆದರೂ ಕಮ್ಯುನಿಸ್ಟ್. 1922ರಲ್ಲಿ ಲೇಬರ್ ಬೆಂಬಲದಿಂದ ಬ್ಯಾಟರ್‌ಸೀ ಉತ್ತರದಲ್ಲಿ ಗೆದ್ದರು, 1923ರಲ್ಲಿ ಸೋತರು, 1924ರಲ್ಲಿ ಮತ್ತೆ ಗೆದ್ದರು. 1926ರ ಸಾರ್ವತ್ರಿಕ ಮುಷ್ಕರದ ಸಮಯ ಹೈಡ್ ಪಾರ್ಕ್‌ನಲ್ಲಿ ಮಾಡಿದ ಭಾಷಣಕ್ಕೆ ಎರಡು ತಿಂಗಳು ಜೈಲಿಗೆ ಹೋದರು. 1927ರಲ್ಲಿ ಭಾರತ ಸುತ್ತಿ ಬಂದ ಮೇಲೆ ಸರಕಾರ ಅವರನ್ನು ಮತ್ತೆ ಅಲ್ಲಿಗೆ ಹೋಗಲು ಬಿಡಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಮಕ್ಕಳಿಗೆ ಪಾರ್ಸಿ ಧರ್ಮದ ನವಜೋತ್ ಮಾಡಿಸಿದ್ದಕ್ಕೆ ಸ್ವಂತ ಪಕ್ಷವೇ ಛೀಮಾರಿ ಹಾಕಿತು. 1929ರಲ್ಲಿ ಸೋತರು.

ಇಬ್ಬರ ವಿಚಾರಗಳಿಗೂ ಅಜಗಜಾಂತರ. ಆದರೂ ಇಬ್ಬರನ್ನೂ ಜನ ಎರಡು ಪ್ರಶ್ನೆ ಕೇಳಿದರು: ನೀನು ಯಾವ ದೇಶದವನು? ನಿನ್ನ ಮನೆಯ ಧರ್ಮ ನಿನ್ನ ರಾಜಕೀಯದಲ್ಲಿ ಎಲ್ಲಿದೆ? ಇಲ್ಲೇ ಹುಟ್ಟಿದ ನಾಯಕರಿಗೆ ಈ ಪ್ರಶ್ನೆ ಅಷ್ಟು ಸುಲಭವಾಗಿ ಬರುವುದಿಲ್ಲ. ಅದು ಅನ್ಯಾಯ ಹೌದು. ಆದರೆ ಪ್ರಶ್ನೆ ಅನ್ಯಾಯದ್ದು ಎಂದ ಮಾತ್ರಕ್ಕೆ ಉತ್ತರ ಕೊಡಬೇಕಿಲ್ಲ ಎಂದಾಗುವುದಿಲ್ಲ.

ಮುಂದೆ ನಿಮ್ಮಲ್ಲೇ ಒಬ್ಬರು ಸಟನ್ ಕೌನ್ಸಿಲಿಗೆ ನಿಲ್ಲಬಹುದು, ಸಂಸತ್ತಿಗೂ ನಿಲ್ಲಬಹುದು. ಆಗ ನಾವು ಕನ್ನಡ ಕೂಟದವರು ಚಪ್ಪಾಳೆ ತಟ್ಟುತ್ತೇವೆ, ವಿಡಿಯೊ ಹಂಚುತ್ತೇವೆ. ನಮ್ಮವರು ಎಂದು ಹೆಮ್ಮೆಪಡುವುದು ತಪ್ಪಲ್ಲ. ಅದರ ಜೊತೆಗೆ ಅವರು ಯಾವುದಕ್ಕೆ ಹೂಂ ಎಂದರು, ಯಾವುದಕ್ಕೆ ಬೇಡ ಎಂದರು, ಯಾಕೆ ಎಂದೂ ಕೇಳಬೇಕು. ಆರ್ಯ ದ್ವಾರಾಳಿನ ಮಗನಾದರೂ ನೆಪಿಯನ್ನಿನ ಸಂಸದರಾಗಿದ್ದರು. ಅವರು ಮೊದಲು ಲೆಕ್ಕ ಒಪ್ಪಿಸಬೇಕಿದ್ದದ್ದು ನೆಪಿಯನ್ನಿನ ಮತದಾರರಿಗೆ. ಟಿಕೆಟ್ ಕಿತ್ತ ಪಕ್ಷವೂ ಅದೇ ಮತದಾರರಿಗೆ ಕಾರಣ ಹೇಳಬೇಕಿತ್ತು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಆ ವಿಡಿಯೊ ಇನ್ನೊಮ್ಮೆ ಹಾಕಿ. ಅಪ್ಪ ಅಮ್ಮನ ಜೊತೆ ನೋಡಿ. ಮುಗಿದ ಮೇಲೆ ಕೇಳಿ: ಇವರು ಆಮೇಲೆ ಏನು ಮಾಡಿದರು ಗೊತ್ತಾ? ಮಾತು ಅಲ್ಲಿಂದ ಶುರುವಾಗಲಿ.