ಬಾಗಿಲು ಮಾಡುವವನ ವಿದ್ಯೆ

1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂಭ್ರಮದ ನಡುವೆ, ಮೈಸೂರಿನ ಹಳೆಯ ಅರಮನೆಗೆ ಬೆಂಕಿ ತಗುಲಿತು. ಅದು ಬಹುಮಟ್ಟಿಗೆ ಮರದ ಅರಮನೆ. 1799ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಹಿಂದಿರುಗಿದ ಮೇಲೆ ಅವಸರದಿಂದ ಎತ್ತಿ, 1803ರ ವೇಳೆಗೆ ಮುಗಿಸಿದ ಕಟ್ಟಡ. ಸುಮಾರು ನೂರು ವರ್ಷ ಒಣಗಿದ ಮರಕ್ಕೆ ಕಿಡಿ ತಾಕಿದರೆ ಆಗುವುದೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅದೇ ವರ್ಷ ಹೊಸ ಅರಮನೆಯ ಕೆಲಸಕ್ಕೆ ಅಪ್ಪಣೆ ಕೊಟ್ಟರು. ಹೆನ್ರಿ ಇರ್ವಿನ್ನರ ನಕ್ಷೆಯಂತೆ 41,47,913 ರೂಪಾಯಿ ವೆಚ್ಚದಲ್ಲಿ ಅದು 1912ರಲ್ಲಿ ಮುಗಿಯಿತು.

ಈ ಸಲ ಮರವನ್ನು ನಂಬಲಿಲ್ಲ. ಗೋಡೆಗಳಿಗೆ ಕಲ್ಲು ಇಟ್ಟಿಗೆಗಳು ಬಂದುವು. ಕಲ್ಯಾಣ ಮಂಟಪದ ಕಂಬಗಳು ದೂರದ ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದ ಕಬ್ಬಿಣದುವು. ಆದರೂ ಅರಮನೆಯನ್ನು ನೋಡಲು ಹೋದವರು ಮರೆಯದೆ ನೆನೆಯುವುದು ಒಂದು ಮರದ ಬಾಗಿಲನ್ನು. ಅಂಬಾವಿಲಾಸದಿಂದ ಗಣಪತಿಯ ಗುಡಿಗೆ ತೆರೆಯುವ, ದಂತ ಕೂರಿಸಿದ ಬೀಟೆಯ ಬಾಗಿಲು ಅದು. ಕಂಬ ತೊಲೆಗಳ ಪದವಿಯನ್ನು ಕಳೆದುಕೊಂಡ ಮರ ಬಾಗಿಲಲ್ಲಿ ಮಾತ್ರ ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಅಂತಹ ಬಾಗಿಲನ್ನು ಕಟ್ಟುವವನ ವಿದ್ಯೆ ಯಾವುದು, ಅದರ ಚರಿತ್ರೆ ಏನು ಎಂಬುದೇ ಇಲ್ಲಿಯ ವಿಷಯ.

ಮರವು ಕಡಿದ ಮೇಲೂ ಸುಮ್ಮನಿರುವ ವಸ್ತುವಲ್ಲ. ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ. ಬೇಸಗೆಯಲ್ಲಿ ಅದನ್ನು ಬಿಟ್ಟು ಕುಗ್ಗುತ್ತದೆ. ಆಷಾಢದಲ್ಲಿ ಭುಜ ಕೊಟ್ಟು ನೂಕಬೇಕಾದ ಬಾಗಿಲು ಚೈತ್ರದಲ್ಲಿ ಗಾಳಿಗೆ ಬಡಿದುಕೊಳ್ಳುವುದನ್ನು ಕಾಣದ ಮನೆ ಯಾವುದು? ಇದರಲ್ಲಿ ಒಂದು ಕ್ರಮವುಂಟು. ಉದ್ದದಲ್ಲಿ ಮರ ಹೆಚ್ಚು ಕಡಮೆ ಇದ್ದಂತೆಯೇ ಇರುತ್ತದೆ; ವ್ಯತ್ಯಾಸವೆಲ್ಲ ಅಗಲದಲ್ಲಿ. ಅಗಲದಲ್ಲಿಯೂ, ಕಾಂಡದ ಉಂಗುರಗಳು ಸುತ್ತಿಹೋಗುವ ದಿಕ್ಕಿನಲ್ಲಿ ಆಗುವ ಕುಗ್ಗು ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಹಲಗೆ ದೋಣಿಯಂತೆ ಬಾಗುವುದು ಈ ಕಾರಣದಿಂದಲೇ. ಒಂದು ಮೊಳ ಅಗಲದ ತೇಗದ ಹಲಗೆ ಋತುವಿನಿಂದ ಋತುವಿಗೆ ಅಂಗುಲದ ಎಂಟನೆಯ ಒಂದು ಪಾಲಿನಷ್ಟು ಬದಲಾಗಬಹುದು. ಅಷ್ಟಕ್ಕೆ ಎಡೆ ಕೊಡದೆ ನಾಲ್ಕು ಕಡೆಯೂ ಬಿಗಿದರೆ, ತೇಗವಾಗಲಿ ಬೀಟೆಯಾಗಲಿ, ಸೀಳುತ್ತದೆ.

ನಮ್ಮ ಹಳೆಯ ಹೆಬ್ಬಾಗಿಲುಗಳು ಈ ತೊಡಕನ್ನು ದಪ್ಪದಿಂದ ಎದುರಿಸಿದುವು. ಭಾರಿ ಹಲಗೆಗಳನ್ನು ಒತ್ತಾಗಿ ನಿಲ್ಲಿಸಿ, ಹಿಂದೆ ಅಡ್ಡಪಟ್ಟಿಗಳನ್ನು ಕೊಟ್ಟು, ಗುಬುಟಿನ ಮೊಳೆಗಳನ್ನು ಹೊಡೆದು ಕದ ಮಾಡುತ್ತಿದ್ದರು. ಕದದ ಮೇಲೂ ಕೆಳಗೂ ಬಿಟ್ಟ ಗೂಟಗಳು ಬಾಗಿಲುವಾಡದ ಕುಳಿಗಳಲ್ಲಿ ತಿರುಗುತ್ತಿದ್ದುವು. ಹಲಗೆಗಳ ನಡುವೆ ಬೇಸಗೆಯಲ್ಲಿ ಬೆಳಕಿನ ಗೀರು ಕಂಡರೆ ಯಾರೂ ಬೇಸರಪಡುತ್ತಿರಲಿಲ್ಲ.

ಇನ್ನೊಂದು ಉಪಾಯ ಇದಕ್ಕಿಂತ ಸೂಕ್ಷ್ಮವಾದುದು. ಮೊದಲು ಕಿರಿದಾದ ಪಟ್ಟಿಗಳಿಂದ ಚೌಕಟ್ಟನ್ನು ಕಟ್ಟಬೇಕು: ಒಂದರ ತುದಿಯನ್ನು ನಾಲಗೆಯಂತೆ ತೆಳ್ಳಗೆ ಮಾಡಿ, ಇನ್ನೊಂದರಲ್ಲಿ ಉಳಿಯಿಂದ ತೆಗೆದ ಕುಳಿಗೆ ಕೂಡಿಸಿ, ಎರಡನ್ನೂ ತೂರಿಹೋಗುವಂತೆ ಮರದ ಬೆಣೆ ಹೊಡೆಯಬೇಕು. ಚೌಕಟ್ಟಿನ ಒಳ ಅಂಚಿನಲ್ಲಿ ಸಣ್ಣ ಕಾಲುವೆಯಂತಹ ಕಚ್ಚನ್ನು ತೋಡಿ, ಅಗಲದ ಹಲಗೆಯನ್ನು ಅದರಲ್ಲಿ ಸುಮ್ಮನೆ ಕೂರಿಸಬೇಕು. ಇಲ್ಲಿ ಅಂಟೂ ಇಲ್ಲ, ಮೊಳೆಯೂ ಇಲ್ಲ. ಹಲಗೆ ಹಿಗ್ಗಿದರೆ ಕಚ್ಚಿನೊಳಕ್ಕೆ ಸರಿಯುತ್ತದೆ, ಕುಗ್ಗಿದರೆ ಈಚೆಗೆ ಬರುತ್ತದೆ. ಹೊರಗೆ ನೋಡುವವನಿಗೆ ಬಾಗಿಲು ಅಲುಗಿದಂತೆಯೇ ಕಾಣುವುದಿಲ್ಲ. ಬೀರುವಿನ ಕದಕ್ಕೂ ಇದೇ ಕ್ರಮ. ಬಿಗಿಯಬೇಕಾದ ಕಡೆ ಬಿಗಿದು, ಸಡಿಲ ಬಿಡಬೇಕಾದ ಕಡೆ ಕೈ ತಡೆದುಕೊಳ್ಳುವುದು ಕಷ್ಟ. ಹೊಸಬನಾದ ಬಡಗಿ ಎಲ್ಲವನ್ನೂ ಬಿಗಿದುಬಿಡುತ್ತಾನೆ.

ಈ ಉಪಾಯ ಇಂದಿನದಲ್ಲ. ಕ್ರಿ. ಶ. 79ರಲ್ಲಿ ವೆಸೂವಿಯಸ್ ಪರ್ವತದ ಬೂದಿಯಲ್ಲಿ ಹೂತುಹೋದ ರೋಮನರ ಮನೆಗಳ ಭಿತ್ತಿಚಿತ್ರಗಳಲ್ಲಿ ಚೌಕಟ್ಟು ಹಾಕಿದ ಬಾಗಿಲುಗಳಿವೆ. ನಮ್ಮಲ್ಲಿ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮಂಚ ಪೀಠಗಳಿಗೆ ಯೋಗ್ಯವಾದ ಮರಗಳನ್ನು ಹೇಳುವುದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಲಂಡನ್ ನಗರದಲ್ಲಂತೂ ಈ ಕೂಡುಕಟ್ಟು ಜನರ ಅನ್ನದ ಪ್ರಶ್ನೆಯೇ ಆಯಿತು. ಅಲ್ಲಿ ಮನೆಗಳ ಮರಗೆಲಸ ಮಾಡುವವರದು ಒಂದು ಸಂಘ, ಪೀಠೋಪಕರಣಗಳನ್ನು ಕೂಡಿಸುವವರದು ಇನ್ನೊಂದು. ಯಾವ ಕೆಲಸ ಯಾರದೆಂದು ಬಹುಕಾಲ ವ್ಯಾಜ್ಯ. 1632ರಲ್ಲಿ ನಗರದ ಹಿರಿಯರ ಸಭೆ ತೀರ್ಪಿತ್ತಿತು. ಕುಳಿ ನಾಲಗೆಗಳಿಂದ ಕೂಡಿಸಿದ ಕುರ್ಚಿ ಮಂಚಗಳೂ, ತುದಿ ಅಗಲವಾಗಿ ಬುಡ ಕಿರಿದಾಗಿ ಕೊಯ್ದ ಹಲ್ಲುಗಳನ್ನು ಒಂದರೊಳಗೊಂದು ಹೆಣೆದ ಪೆಟ್ಟಿಗೆಗಳೂ, ಅಂಟು ಹಾಕಿದುವೂ ಎರಡನೆಯವರ ಪಾಲಾದುವು. ಹಲಗೆಗೆ ಮೊಳೆ ಹೊಡೆದು ಮಾಡುವ ಕೆಲಸ ಮೊದಲನೆಯವರಿಗೆ ಉಳಿಯಿತು. ಒಬ್ಬನ ಕಸುಬು ಯಾವುದೆಂಬುದನ್ನು ಅವನು ಹಾಕುವ ಸಂದೇ ನಿರ್ಣಯಿಸಿತೆಂಬುದು ನನಗೆ ಈ ಚರಿತ್ರೆಯಲ್ಲಿ ಬಹಳ ಸ್ವಾರಸ್ಯವಾಗಿ ಕಾಣುತ್ತದೆ.

ಮೈಸೂರಿನ ಕೆಲಸಗಾರನ ಮುಂದೆ ಇದರ ಮೇಲೊಂದು ತೊಡಕು ಇದ್ದಿತು. ಬೀಟೆಯಲ್ಲಿ ದಂತವನ್ನು ಕೂರಿಸುವುದೆಂದರೆ, ಹಿಗ್ಗಿ ಕುಗ್ಗುವ ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಮೈಯಲ್ಲಿ ಬಾಳಿಸುವುದು. ದೊಡ್ಡ ತುಂಡು ಬೇಗ ಎದ್ದುಬರುತ್ತದೆ, ಸಣ್ಣದು ಉಳಿಯುತ್ತದೆ. ಆದುದರಿಂದಲೇ ಬಳ್ಳಿ, ಹೂ, ಹಕ್ಕಿಗಳನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆದು ಕೂರಿಸುವುದು ಅಂದಕ್ಕೆಂದು ಮಾತ್ರವೇ ಅಲ್ಲ. ಕಾಗದದ ಮೇಲಿನ ಚಿತ್ರವನ್ನು ಮರಕ್ಕೆ ಇಳಿಸಿ, ಆ ಗೆರೆಗಳೊಳಗೆ ಮರವನ್ನು ತೆಳುವಾಗಿ ತೋಡಿ, ನವುರಾದ ಗರಗಸದಿಂದ ಕೊಯ್ದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಹೊಂದಿಸಿ ಅಂಟಿಸುತ್ತಾರೆ. ಮೈ ಸಮಮಾಡಿದ ಮೇಲೆ, ಹಕ್ಕಿಯ ರೆಕ್ಕೆ, ಎಲೆಯ ನರ ಮುಂತಾದ ಗೆರೆಗಳನ್ನು ದಂತದ ಮೇಲೆ ಗೀರಿ ಕಪ್ಪು ಅರಗನ್ನು ತುಂಬುತ್ತಿದ್ದರು. ತಂದೆಯಿಂದ ಮಗನಿಗೆ ಬರುತ್ತಿದ್ದ ಮರಗೆಲಸವನ್ನು ಶಾಲೆಯ ಪಾಠವಾಗಿಯೂ ಕಲಿಸಿದುದು ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ; ಅದರ ಕಟ್ಟಡಕ್ಕೆ 1906ರಲ್ಲಿ ಅಸ್ತಿಭಾರ ಬಿದ್ದಿತು. ಅರಮನೆಯ ಶಿಲ್ಪಿಯ ಹೆಸರು ಎಲ್ಲರಿಗೂ ಗೊತ್ತು. ಬಾಗಿಲು ಮಾಡಿದವರ ಹೆಸರು ನೋಡುವವರಲ್ಲಿ ಎಷ್ಟು ಮಂದಿಯ ಬಾಯಲ್ಲಿದೆ?

ಅವರ ಸಾಮಗ್ರಿಯೂ ಈಗ ಮೊದಲಿನಂತಿಲ್ಲ. ವನ್ಯಜೀವಿ ಸಂರಕ್ಷಣಾ ಶಾಸನಕ್ಕೆ 1986ರಲ್ಲಿ ಆದ ತಿದ್ದುಪಡಿಯಿಂದ ಭಾರತದ ದಂತದ ವ್ಯಾಪಾರ ನಿಂತಿತು. 1991ರ ತಿದ್ದುಪಡಿ ಆಫ್ರಿಕದಿಂದ ಬರುತ್ತಿದ್ದುದನ್ನೂ ನಿಲ್ಲಿಸಿತು. ಆನೆಯ ಪ್ರಾಣದ ಮುಂದೆ ನಮ್ಮ ಅಲಂಕಾರ ದೊಡ್ಡದಲ್ಲವಾದುದರಿಂದ ಇದು ಉಚಿತವೇ. 2017ರಿಂದ ಬೀಟೆಯೂ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಿದೆ. ಬಿಳಿಯ ಜಾಗದಲ್ಲಿ ಈಗ ಪ್ಲಾಸ್ಟಿಕ್ ಕೂರುತ್ತದೆ; ಹಳದಿ, ಕೆಂಪು, ಕಂದು ಬಣ್ಣಗಳಿಗೆ ಬೇರೆ ಬೇರೆ ಜಾತಿಯ ಮರದ ಚೂರುಗಳನ್ನು ಆರಿಸುತ್ತಾರೆ. ಆದರೆ ಚೌಕಟ್ಟಿನ ಬಾಗಿಲಿಗೆ ಹಲಗೆ ಕೂರಿಸುವಾಗ ಬಲ್ಲ ಬಡಗಿ ಇಂದಿಗೂ ಅಂಟಿನ ಡಬ್ಬಿಯನ್ನು ಪಕ್ಕಕ್ಕಿಟ್ಟು, ಕಚ್ಚಿನೊಳಗೆ ಒಂದು ಕೂದಲೆಳೆಯ ಎಡೆ ಇದೆಯೇ ಎಂದು ಬೆರಳಿನಿಂದ ಹಲಗೆಯನ್ನು ಅಲುಗಿಸಿ ನೋಡುತ್ತಾನೆ.