ಇನ್ಯೆಂಜಿ

ರುವಾಂಡಾದವರ ಭಾಷೆಯಲ್ಲಿ ಜಿರಳೆಗೆ ‘ಇನ್ಯೆಂಜಿ’ ಎನ್ನುತ್ತಾರೆ. 1960ರ ದಶಕದಲ್ಲಿ ಈ ಪದಕ್ಕೆ ಇನ್ನೊಂದು ಅರ್ಥ ಅಂಟಿಕೊಂಡಿತು. ದೇಶ ಬಿಟ್ಟಿದ್ದ ಟುಟ್ಸಿ ಸಮುದಾಯದ ನಿರಾಶ್ರಿತರಲ್ಲಿ ಕೆಲವರು ಬಂದೂಕು ಹಿಡಿದು, ರಾತ್ರಿ ಗಡಿ ದಾಟಿ ಬಂದು ದಾಳಿ ಮಾಡುತ್ತಿದ್ದರು. ಅವರು ಇನ್ಯೆಂಜಿಗಳಾದರು. ಆಗಿನ್ನೂ ಅದು ಮಾಡುವ ಕೆಲಸಕ್ಕೆ ಬಿದ್ದ ಹೆಸರು. ಬಂದೂಕು ಕೆಳಗಿಟ್ಟರೆ ಹೆಸರೂ ಕಳಚಬಹುದಿತ್ತು.

1990ರಲ್ಲಿ ಶುರುವಾದ ‘ಕಂಗುರ’ ಪತ್ರಿಕೆ ಆ ದಾರಿಯನ್ನು ಮುಚ್ಚಿತು. ಸಂಪಾದಕ ಹಸನ್ ಎನ್ಗೆಜೆ. ಆ ಅಕ್ಟೋಬರಿನಲ್ಲಿ ಬಂಡುಕೋರರ ಸೈನ್ಯ ಉಗಾಂಡಾದಿಂದ ನುಗ್ಗಿದ್ದು ನಿಜ, ಜನರ ಭಯವೂ ನಿಜ. ಡಿಸೆಂಬರಿನಲ್ಲಿ ಪತ್ರಿಕೆ ಹುಟು ಸಮುದಾಯದವರಿಗೆ ಹತ್ತು ಕಟ್ಟಳೆಗಳನ್ನು ಅಚ್ಚುಹಾಕಿತು; ಟುಟ್ಸಿ ಹೆಣ್ಣನ್ನು ಮದುವೆಯಾದ ಹುಟು ದ್ರೋಹಿ ಎಂಬುದು ಮೊದಲನೆಯದು. 1993ರಲ್ಲಿ ಅದರಲ್ಲಿ ಬಂದ ಒಂದು ಲೇಖನದ ವಾದ ಇಷ್ಟೇ: ಜಿರಳೆಗೆ ಚಿಟ್ಟೆ ಹುಟ್ಟುವುದಿಲ್ಲ.

ಈ ವಾದವನ್ನು ಬಿಡಿಸಿ ನೋಡಿ. ಮೊದಲು ಜಿರಳೆಯೆಂದರೆ ಬಂದೂಕು ಹಿಡಿದವನು. ಮರುಕ್ಷಣ ಅದು ನಿಜವಾದ ಹುಳ. ಹುಳಕ್ಕೆ ಹುಳವೇ ಹುಟ್ಟುತ್ತದೆ, ಒಪ್ಪಿದಿರಿ. ಕೊನೆಗೆ ಅದೇ ಪದ ತೊಟ್ಟಿಲಲ್ಲಿರುವ ಕೂಸಿನ ಮೇಲೆ ಬಂದು ಕೂತಿರುತ್ತದೆ. ಪುರಾವೆ ಎಲ್ಲೂ ಇಲ್ಲ. ಪದವೊಂದೇ ಆಗಿರುವುದರಿಂದ ಅರ್ಥ ಎರಡು ಬಾರಿ ಬದಲಾದದ್ದು ಓದುಗನಿಗೆ ತಿಳಿಯುವುದಿಲ್ಲ. ‘ನೂಲಿನಂತೆ ಸೀರೆ’ ಎಂದಾಗ ನಾವೂ ಪುರಾವೆ ಕೇಳುವುದಿಲ್ಲವಲ್ಲ. ಗಾದೆಯ ಧಾಟಿಗೆ ಆ ಶಕ್ತಿಯಿದೆ. ಇನ್ನು ಪಕ್ಕದ ಮನೆಯ ಟುಟ್ಸಿ ಯಾರ ತಂಟೆಗೂ ಹೋಗದವನು ಎಂದು ಹೇಳಿದರೂ ಉಪಯೋಗವಿಲ್ಲ. ಜಿರಳೆ ಅಡಗಿಯೇ ಇರುತ್ತದೆ ಎಂಬ ಉತ್ತರ ಆ ಪದದೊಳಗೇ ಸಿದ್ಧವಾಗಿದೆ. ತಪ್ಪೆಂದು ತೋರಿಸಲು ಯಾವ ದಾರಿಯನ್ನೂ ಬಿಡದ ಮಾತನ್ನು ವಾದವೆಂದು ಕರೆಯಲು ನಾನು ಒಪ್ಪುವುದಿಲ್ಲ.

ಈ ಹೆಸರು ಯಾರ ಮೇಲೆ ಕೂರಬೇಕೆಂದು ತಿಳಿಯುವುದೂ ಸುಲಭವಿತ್ತು: ಬೆಲ್ಜಿಯನ್ನರ ಆಳ್ವಿಕೆಯ ಕಾಲದಿಂದ ಬಂದ ಗುರುತಿನ ಚೀಟಿಯಲ್ಲಿ ಹುಟು, ಟುಟ್ಸಿ ಎಂದು ನಮೂದಾಗಿರುತ್ತಿತ್ತು. ತಂದೆ ಟುಟ್ಸಿಯಾದರೆ ಮಕ್ಕಳೂ ಟುಟ್ಸಿ. 1994ರ ಏಪ್ರಿಲ್‌ನಲ್ಲಿ ಟುಟ್ಸಿಗಳ ನರಮೇಧ ಶುರುವಾದಾಗ ರಸ್ತೆ ತಡೆಗಳಲ್ಲಿ ಕೇಳಿದ್ದು ಆ ಚೀಟಿಯನ್ನು. ಸುಮಾರು ನೂರು ದಿನಗಳಲ್ಲಿ, ವಿಶ್ವಸಂಸ್ಥೆಯ ಅಂದಾಜಿನಂತೆ, 8 ಲಕ್ಷ ಜನ ಸತ್ತರು.

ಈ ನರಮೇಧದ ವಿಚಾರಣೆಗೆಂದು ಅರೂಷಾದಲ್ಲಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಎನ್ಗೆಜೆಗೆ ಜೀವಾವಧಿ ಶಿಕ್ಷೆ ವಿಧಿಸಿತು. 2007ರ ಮೇಲ್ಮನವಿಯಲ್ಲಿ ಅದು 35 ವರ್ಷಕ್ಕೆ ಇಳಿಯಿತು. ಮಂಡಳಿಯ ಅಧಿಕಾರ 1994ರ ಒಂದೇ ವರ್ಷಕ್ಕೆ ಸೀಮಿತವಾಗಿದ್ದರಿಂದ, ಪ್ರಚೋದನೆಯ ಆರೋಪಕ್ಕೆ ಆ ವರ್ಷದ ಸಂಚಿಕೆಗಳನ್ನಷ್ಟೇ ಪರಿಗಣಿಸಬಹುದೆಂದು ಮೇಲ್ಮನವಿ ಪೀಠ ಹೇಳಿತು. ಹತ್ತು ಕಟ್ಟಳೆಗಳೂ ಚಿಟ್ಟೆಯ ಲೇಖನವೂ ಆ ಅವಧಿಯ ಹೊರಗೆ ಉಳಿದವು.