ತೆರೆಯೇರುವ ಹಲಗೆ ಮತ್ತು ಕಣ್ಣಿಗೆ ಕಾಣದ ಅಂಟು

ಮರಕ್ಕೂ ನೀರಿಗೂ ಇರುವ ನಂಟು ಹಳೆಯದು. ದೋಣಿಯ ಮೈಗೆ ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆಯನ್ನೋ ಬಳಿಯುವ ಕ್ರಮವನ್ನು ನಮ್ಮ ಕಡಲ ಕರೆಯ ಹಿರಿಯರೆಲ್ಲ ಬಲ್ಲರು. ಆದರೆ ಅದು ಇಡೀ ಮರದ ಮಾತು. ಪ್ಲೈವುಡ್ಡಿನ ಕತೆಯೇ ಬೇರೆ. ತೆಳ್ಳಗೆ ಸುಲಿದ ಮರದ ಪದರಗಳನ್ನು, ಒಂದರ ನಾರು ಉದ್ದಕ್ಕೂ ಇನ್ನೊಂದರ ನಾರು ಅಡ್ಡಕ್ಕೂ ಬರುವಂತೆ ಅಂಟಿಸಿ ಮಾಡಿದ ಹಲಗೆ ಅದು. ನೀರು ಅಲ್ಲಿ ಮೊದಲು ಕೈಯಿಡುವುದು ಮರಕ್ಕಲ್ಲ, ಅಂಟಿಗೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಡುಗೆಮನೆಯ ಕಪಾಟಿನ ಬಾಗಿಲು ಉಬ್ಬಿ ಪದರ ಬಿಟ್ಟದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ಯಾಂಕಿನ ಗುಮಾಸ್ತನಾದ ನಾನು ದೋಣಿ ಸಾಲದ ಎಸ್ಟಿಮೇಟುಗಳಲ್ಲಿ ಪದೇ ಪದೇ ಕಂಡ 'ಮೆರೈನ್ ಪ್ಲೈವುಡ್' ಎಂಬ ಮಾತಿನ ಬೆನ್ನು ಹತ್ತಿ ಹೋದಾಗ, ಅದರ ಚರಿತ್ರೆಯ ಒಂದು ಎಳೆ ಹವಾಯಿ ದ್ವೀಪದ ಸರ್ಫ್ ಹಲಗೆಯವರೆಗೂ ಚಾಚಿರುವುದು ತಿಳಿದು ಸೋಜಿಗವಾಯಿತು.

ತೆರೆಯ ಮೇಲೆ ನಿಂತು ಸಾಗುವ ಈ ಹಲಗೆ ಹವಾಯಿಯ ಜನರದು. ಅವರ ಹಿಂದಿನ ಹಲಗೆಗಳು ಇಡೀ ಮರದವು. ಅರಸು ಮನೆತನದವರ 'ಓಲೊ' ಎಂಬ ನೀಳ ಹಲಗೆಯಂತೂ ಬಹಳ ಭಾರ. 1902ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿದ ಟಾಮ್ ಬ್ಲೇಕ್ 1920ರ ದಶಕದಲ್ಲಿ ಹವಾಯಿಗೆ ಹೋಗಿ, ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿದ್ದ ಹಳೆಯ ಹಲಗೆಗಳನ್ನು ದುರಸ್ತಿ ಮಾಡಿಕೊಟ್ಟ. ಆ ಮಾದರಿಯನ್ನೇ ಅನುಸರಿಸಿ ತಾನೂ ಒಂದು ಹಲಗೆ ಮಾಡಿದ. ಭಾರ ತಗ್ಗಿಸಲು ಅದರಲ್ಲಿ ನೂರಾರು ತೂತು ಕೊರೆದು, ಮೇಲೆ ಕೆಳಗೆ ತೆಳುವಾದ ಮರದ ಹಾಳೆ ಮುಚ್ಚಿದ. ಮುಂದೆ ವಿಮಾನದ ರೆಕ್ಕೆಯಂತೆ ಒಳಗೆ ಪಕ್ಕೆಲುಬುಗಳನ್ನಿಟ್ಟು ಟೊಳ್ಳು ಹಲಗೆಯನ್ನೇ ಕಟ್ಟಿ, 1932ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. 1937ರಲ್ಲಿ 'ಪಾಪ್ಯುಲರ್ ಮೆಕ್ಯಾನಿಕ್ಸ್' ಪತ್ರಿಕೆ ಅದರ ನಕ್ಷೆಯನ್ನು ಅಚ್ಚುಹಾಕಿತು. ಅಲ್ಲಿಂದ ಸರ್ಫ್ ಹಲಗೆ ಮನೆಯ ಹಿತ್ತಿಲಲ್ಲಿ ಯಾರೂ ಮಾಡಿಕೊಳ್ಳಬಹುದಾದ ವಸ್ತುವಾಯಿತು. ಮುಳುಗುವವರನ್ನು ಕಾಪಾಡುವ ಕಡಲತೀರದ ಕಾವಲುಗಾರರೂ ಅದನ್ನು ಬಳಸತೊಡಗಿದರು.

ಟೊಳ್ಳು ಹಲಗೆಗೆ ಒಂದು ದೊಡ್ಡ ಕೊರತೆಯಿತ್ತು. ಅದು ಸೋರುತ್ತಿತ್ತು. ಹಗುರವೆಂದು ನಂಬಿ ದೂರ ಹೋದವನ ಹಲಗೆ ನೀರು ಕುಡಿದು ಅಲ್ಲೇ ಭಾರವಾದರೆ ಗತಿಯೇನು? ಅದಕ್ಕಾಗಿ ಹಲಗೆಗೆ ಬಿರಡೆಯ ತೂತೊಂದನ್ನು ಇಡುತ್ತಿದ್ದರು. ದಡ ಸೇರಿದ ಮೇಲೆ ಬಿರಡೆ ತೆಗೆದು ನೀರು ಸುರಿಯಬೇಕು. ಮೈಗೆ ಎಷ್ಟೇ ವಾರ್ನಿಷ್ ಬಳಿದರೂ ಒಳಗಿನ ಅಂಟು ದುರ್ಬಲವಾಗಿದ್ದರೆ ಫಲವಿಲ್ಲ. ಅಂದು ಚಾಲ್ತಿಯಲ್ಲಿದ್ದ ಉತ್ತಮ ಅಂಟುಗಳಲ್ಲೊಂದು ಕೇಸೀನ್; ಒಡೆದ ಹಾಲಿನ ಗಟ್ಟಿ ಭಾಗಕ್ಕೆ ಸುಣ್ಣ ಸೇರಿಸಿ ಮಾಡುವಂಥದು. ಅದು ಸ್ವಲ್ಪ ತೇವವನ್ನು ತಡೆದುಕೊಂಡೀತು, ಆದರೆ ಸದಾ ಒದ್ದೆಯಾಗಿದ್ದರೆ ಬೂಷ್ಟು ಹಿಡಿದು ಬಿಟ್ಟುಕೊಳ್ಳುತ್ತದೆ.

ಈ ತೊಡಕು ಬಗೆಹರಿದದ್ದು ರಸಾಯನಶಾಸ್ತ್ರದಿಂದ. ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಬೇಕಲೈಟ್ ತಯಾರಿಸಿದ್ದ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಲೈವುಡ್ ಕಾರ್ಖಾನೆಯೊಂದರಲ್ಲಿ ಜೇಮ್ಸ್ ನೆವಿನ್ 1934ರಲ್ಲಿ ನೀರಿಗೆ ಪೂರ್ತಿ ಜಗ್ಗದ ಅಂಟನ್ನು ಸಿದ್ಧಪಡಿಸಿದ. ಎರಡನೆಯ ಮಹಾಯುದ್ಧ ಬಂದಾಗ ದೋಣಿ, ವಿಮಾನಗಳಿಗೆ ಪ್ಲೈವುಡ್ ಬೇಕಾಯಿತು. ಅಂಟಿನ ಬೆಲೆ ಜೀವದ ಬೆಲೆ ಎಂಬುದು ಆಗ ನಮ್ಮ ದೇಶದಲ್ಲೇ ಕಂಡುಬಂತು. 1944ರಲ್ಲಿ ಭಾರತದಲ್ಲಿದ್ದ ಕೆಲವು ಮಾಸ್ಕಿಟೊ ಮರದ ವಿಮಾನಗಳು ಹಾರಾಟದಲ್ಲೇ ಮುರಿದುಬಿದ್ದವು. ಉಳಿದವನ್ನು ನಿಲ್ಲಿಸಿ ಪರೀಕ್ಷಿಸಿದಾಗ ರೆಕ್ಕೆಯ ಅಂಟಿನ ಕೂಡುಗಳಲ್ಲಿ ಬಿರುಕುಗಳು ಸಿಕ್ಕಿದವು. ದೋಷ ನಮ್ಮ ಬಿಸಿಲು ಮಳೆಯದೋ ತಯಾರಿಕೆಯದೋ ಎಂಬ ವಾದ ಬಹುಕಾಲ ನಡೆಯಿತು.

ಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಬಾಬ್ ಸಿಮನ್ಸ್ ಟೊಳ್ಳಿನ ಜಾಗದಲ್ಲಿ ನೊರೆಯಂತಹ ಹಗುರ ಪ್ಲಾಸ್ಟಿಕ್ ತುಂಬಿ, ಮೇಲೆ ತೆಳು ಪ್ಲೈವುಡ್ ಹೊದಿಸಿ, ಫೈಬರ್‌ಗ್ಲಾಸ್ ಮತ್ತು ರಾಳದಿಂದ ಮುಚ್ಚಿದ. ಹೀಗೆ ಅಂಟಿನ ಜೊತೆ ಹೊರಕವಚವೂ ಗಟ್ಟಿಯಾಯಿತು. 1950ರ ದಶಕದ ಕೊನೆಗೆ ಪಾಲಿಯುರೆಥೇನ್ ನೊರೆಯ ಹಲಗೆಗಳು ಬಂದು ಮರವನ್ನು ಬದಿಗೆ ಸರಿಸಿದವು. ಹಿತ್ತಿಲ ಬಡಗಿಗಳು ಮಾತ್ರ ಅದನ್ನು ಬಿಟ್ಟುಕೊಡಲಿಲ್ಲ.

ನಮ್ಮ ಕಡೆಗೆ ಬರೋಣ. ಕಣ್ಣೂರಿನ ವಳಪಟ್ಟಣದಲ್ಲಿ 1945ರಲ್ಲಿ ವೆಸ್ಟರ್ನ್ ಇಂಡಿಯಾ ಪ್ಲೈವುಡ್ಸ್ ಆರಂಭವಾಯಿತು. ಬೆಂಗಳೂರಿನಲ್ಲಿ 1962ರಲ್ಲಿ ಪ್ಲೈವುಡ್ ಸಂಶೋಧನಾ ಸಂಸ್ಥೆ ಹುಟ್ಟಿತು. ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ 1980ರ ದಶಕದಲ್ಲಿ ಮೀನುಗಾರರಿಗಾಗಿ ಪ್ಲೈವುಡ್ ದೋಣಿಗಳನ್ನು ಕಟ್ಟಿದರು. ನಮಗೆ ಸಮೀಪದ ಮುಲ್ಕಿಯಲ್ಲಿ 2004ರಿಂದ ಸರ್ಫಿಂಗ್ ಕಲಿಸುತ್ತ ಬಂದಿದ್ದಾರೆ. ನಾಳೆ ನಮ್ಮ ಹುಡುಗರು ತಾವೇ ಹಲಗೆ ಮಾಡಲು ಹೊರಟರೆ ಅಚ್ಚರಿಯಿಲ್ಲ.

ಅಂಥವರು ಈ ಚರಿತ್ರೆಯಿಂದ ಕಲಿಯಬೇಕಾದ್ದು ಇಷ್ಟು. ಅಂಗಡಿಯವರು 'ವಾಟರ್‌ಪ್ರೂಫ್' ಎಂದರೆ ಸಾಲದು. ಹಲಗೆಯ ಮೇಲೆ ಐಎಸ್ 710 ಮುದ್ರೆ ಹುಡುಕಬೇಕು. ಆ ದರ್ಜೆಯ ಪ್ಲೈವುಡ್ಡಿನ ತುಂಡು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಪದರ ಬಿಡಬಾರದು. ಫಿನಾಲ್ ಅಂಟಿನ ಗೆರೆ ಅಂಚಿನಲ್ಲಿ ಕಂದಾಗಿ ಕಾಣುತ್ತದೆ. ಆದರೆ ಅಗ್ಗದ ಅಂಟಿಗೂ ಬಣ್ಣ ಬೆರೆಸಬಹುದಾದ್ದರಿಂದ ಕಣ್ಣನ್ನಷ್ಟೇ ನಂಬಬಾರದು. ನೀರು ನುಗ್ಗುವುದು ಹಲಗೆಯ ಮುಖಕ್ಕಿಂತ ಹೆಚ್ಚಾಗಿ ಕೊಯ್ದ ಅಂಚಿನಿಂದ, ಸ್ಕ್ರೂ ಕೊರೆದ ತೂತಿನಿಂದ. ಆದ್ದರಿಂದ ಎಪಾಕ್ಸಿ ರಾಳವನ್ನು ಮೊದಲು ಅಲ್ಲಿಗೆ, ಹೀರುವುದು ನಿಲ್ಲುವ ತನಕ ಬಳಿಯಬೇಕು. ಎಪಾಕ್ಸಿಗೆ ಬಿಸಿಲು ಆಗದು. ಅದರ ಮೇಲೆ ಬಿಸಿಲು ತಡೆಯುವ ವಾರ್ನಿಷ್ ಬೇಕು. ಟೊಳ್ಳು ಹಲಗೆಯಾದರೆ ಬ್ಲೇಕ್ ಕಾಲದ ಬಿರಡೆ ಇಂದಿಗೂ ಇರಲಿ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಕೂಡುಗಳು ಬಿಡದಂತೆ ದಡದಲ್ಲಿ ಅದನ್ನು ತೆರೆದಿಡಬೇಕು, ನೀರಿಗಿಳಿಯುವ ಮುನ್ನ ಮರೆಯದೆ ಬಿಗಿಯಬೇಕು.